ಯಾವ ಪೈಕಿ

ಓನರ್ ಲೋಕಪ್ಪನವರದು ಒಂದೇ ಷರತ್ತು:
ನಾಯಿ ಸಾಕಿ, ಬೇಡ ಅನ್ನಲ್ಲ,
ಮೊಣಕಾಲಿಗಿಂತ ಮೇಲೆ ಬೆಳೀಬಾರದು, ಅಷ್ಟೆ.
ಹೇಳುತ್ತಲೇ ಪಂಚೆ ಎತ್ತಿ
ತಮ್ಮ ಮೊಣಕಾಲನ್ನೇ ತೋರಿಸಿದರು, ಅಳತೆಗೆ.

ಆರು ವರ್ಷದ ಹಿಂದೆ
ಪೆನ್ಷನ್ ಮೊಹಲ್ಲಾದ ಇದೇ ಮೆಟ್ಟಿಲ ಮೇಲೆ
ಅಡ್ವಾನ್ಸ್ ಎಣಿಸುತ್ತಾ ಕೇಳಿದ್ದರು:
ನೀವು... ಯಾವ ಪೈಕಿ?
ಧರ್ಮೇಶ ತನ್ನದನ್ನು ಹೇಳಿದ.
ನಾನು ನಲ್ಲಿ ತಿರುಗಿಸಿ
ನೀರು ಬರುತ್ತಾ ಅಂತ ನೋಡುತ್ತಿದ್ದೆ.
ಬರುತ್ತಿತ್ತು.

ಭಾನುವಾರ ಮೂವರೂ ಒಂದೇ ಸ್ಕೂಟರಿನಲ್ಲಿ
ವಿದ್ಯಾನಗರಕ್ಕೆ, ಪಗ್ ನೋಡಲು.
ಹಾಸಿದ ಟವೆಲಿನ ಮೇಲೆ ನಾಲ್ಕು ಮರಿ,
ಬಾಗಿಲಿಗೆ ಸಿಕ್ಕಿ ಚಪ್ಪಟೆಯಾದ ಹಾಗೆ ಮುಖ,
ಎಚ್ಚರವಿದ್ದಾಗಲೂ ಗೊರಕೆ.
ಹದಿನೆಂಟು ಸಾವಿರ.
ಹೆಚ್ಚೆಂದರೆ ಹನ್ನೆರಡು ಇಂಚು ಸಾರ್, ಬರೆದು ಕೊಡ್ತೀನಿ,
ಅನ್ನುತ್ತಾ ಪ್ಲಾಸ್ಟಿಕ್ ಕವರಿನಿಂದ
ವಂಶಾವಳಿ ತೆಗೆದ.

ತಾಲ್ಲೂಕು ಕಚೇರಿ ಎದುರು ನನ್ನದು ಜೆರಾಕ್ಸ್ ಅಂಗಡಿ.
ಹನ್ನೊಂದು ವರ್ಷದಿಂದ ಪಹಣಿ, ಆಧಾರ್, ಜಾತಿ-ಆದಾಯ,
ಹಿಂದೆ ಮುಂದೆ ಎರಡೆರಡು ಕಾಪಿ.
ಬೇರೇನು ಗೊತ್ತಿಲ್ಲದಿದ್ದರೂ ನನಗೆ ಕಾಗದ ಗೊತ್ತು.
ಇದು ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸ್.
ಅಪ್ಪನ ಹೆಸರು ಕಪ್ಪಗಿದೆ,
ತಾತನದು ಬೂದಿ,
ಮುತ್ತಾತನ ಜಾಗದಲ್ಲಿ
ಯಾವುದೋ ಗಾಜಿನ ಮೇಲೆ ಬಿದ್ದಿದ್ದ ಕೂದಲಿನ ನೆರಳು.

ಆದರೂ ನಿಜ ಹೇಳುತ್ತೇನೆ, ನನಗೆ ಪಗ್ಗೇ ಬೇಕಿತ್ತು.
ಒಂದು ಸಲವಾದರೂ
ಅಳತೆ ಮೊದಲೇ ಗೊತ್ತಿರುವಂಥದ್ದು
ಮನೆಗೆ ಬರಲಿ ಅಂತ.

ಬರುವಾಗ ಡೈರಿ ಸರ್ಕಲ್ ಹತ್ತಿರ
ಮೊಟ್ಟೆಗೆಂದು ನಿಲ್ಲಿಸಿದ್ದು ನಮ್ಮ ತಪ್ಪು.
ಥೆರೆಸಮ್ಮನ ಅಂಗಡಿಯ ಕೆಳಗೆ, ಖಾಲಿ ಟ್ರೇಯಲ್ಲಿ,
ಐದರಲ್ಲಿ ಉಳಿದ ಒಂದು.
ಹುಣಸೆಬೀಜದ ಬಣ್ಣ.
ಒಂದು ಕಿವಿ ನಿಂತಿದೆ,
ಇನ್ನೊಂದು ಇನ್ನೂ ಯೋಚಿಸುತ್ತಿದೆ.
ತಾಯಿ ಪಾಮೇರಿಯನ್, ಒಂದು ಕಾಲದ ಬಿಳಿ.
ತಂದೆ?
ಆವತ್ತು ಕರೆಂಟಿರಲಿಲ್ಲ ಕಣವ್ವ, ಅಂದರು ಥೆರೆಸಮ್ಮ.

ಧರ್ಮೇಶ ಮುಂಗಾಲು ಹಿಡಿದು ನೋಡಿದ. ಪಂಜ ದಪ್ಪ.
ಪಂಜ ದಪ್ಪ ಇದ್ದರೆ ನಾಯಿ ಬೆಳೆಯುತ್ತೆ,
ಅವನ ದೊಡ್ಡಪ್ಪ ಹೇಳುತ್ತಿದ್ದರಂತೆ.
ಪೂರ್ವಿ ಆಗಲೇ ಅದನ್ನು ಸ್ವೆಟರಿನೊಳಗೆ ಇಟ್ಟುಕೊಂಡು
ಝಿಪ್ ಎಳೆದಿದ್ದಳು.
ಒಂದು ಟ್ರೇ ಮೊಟ್ಟೆಗೆ ಒಂದು ನಾಯಿ ಉಚಿತ.

ವೆಟರ್ನರಿ ಕಾಲೇಜಿನ ಚಿಕ್ಕ ಡಾಕ್ಟರಮ್ಮ ನಕ್ಕಳು:
ಹೇಳಕ್ಕಾಗಲ್ಲ ಮೇಡಂ,
ಎಂಟು ಕೆಜಿಯೂ ಆಗಬಹುದು, ಇಪ್ಪತ್ತೂ ಆಗಬಹುದು.
ಚುಚ್ಚುಮದ್ದಿನ ಕಾರ್ಡಿನಲ್ಲಿ
ತಳಿ ಅನ್ನುವ ಕಡೆ
ಒಂದು ಗೀಟೆಳೆದು ಮುಂದೆ ಹೋದಳು.
ಎಷ್ಟು ಸಲೀಸು!
ಪೂರ್ವಿಯನ್ನು ಶಾಲೆಗೆ ಸೇರಿಸುವಾಗ
ಅಂಥದೇ ಒಂದು ಕಾಲಂನ ಮುಂದೆ
ನನ್ನ ಪೆನ್ನು ನಿಂತು ಇಂಕು ಹರಡಿತ್ತು.
ಕೊನೆಗೆ ಅಪ್ಪನದು ಬರೆದೆ, ಎಲ್ಲರೂ ಬರೆಯುವ ಹಾಗೆ.
ನನ್ನ ಅರ್ಧ
ಅವಳ ಮೂಗಿನಲ್ಲಿದೆ, ಹಟದಲ್ಲಿದೆ,
ಕಾಗದದಲ್ಲಿ ಇಲ್ಲ.
ಅಮ್ಮ ವರ್ಷಕ್ಕೊಮ್ಮೆ ಫೋನಿನಲ್ಲಿ ಕೇಳುತ್ತಾಳೆ,
ಮಗು ಯಾರ ಹಾಗಿದೆ?
ಬಂದು ನೋಡು ಅನ್ನುತ್ತೇನೆ.
ಬಂದಿಲ್ಲ.

ಬಾಗಿಲ ಚೌಕಟ್ಟಿನಲ್ಲಿ ಪೂರ್ವಿಯ ಎತ್ತರದ ಪೆನ್ಸಿಲ್ ಗೆರೆಗಳು.
ತುಂಬ ಕೆಳಗೆ, ಈಗ, ಇನ್ನೊಂದು ಸಾಲು ಗೆರೆ.
ವಾರಕ್ಕೊಂದು.
ನಡುವಿನ ಜಾಗ ಕಡಿಮೆಯಾಗುತ್ತಿಲ್ಲ.

ತಿಂಗಳ ಐದಕ್ಕೆ ಬಾಡಿಗೆಗೆ ಬಂದರು ಲೋಕಪ್ಪನವರು.
ಅದು ಓಡಿಹೋಗಿ ಅವರ ಪಾದದ ಮೇಲೆಯೇ ಕೂತಿತು.
ಅವರು ಪಂಚೆ ಎತ್ತಿದರು.
ನಾವೆಲ್ಲ ಬಗ್ಗಿ ನೋಡಿದೆವು.
ಇನ್ನೂ ನಾಲ್ಕು ಬೆರಳು ಇದೆ.
ಅವರಿಗೆ ನಗು ಬಂತೇನೋ, ತಡೆದುಕೊಂಡರು,
ತಲೆ ಸವರಿ ಕೇಳಿದರು:
ಇದು... ಯಾವ ಜಾತಿ?

ಈ ಸಲ ಧರ್ಮೇಶ ನಲ್ಲಿಯ ಕಡೆ ಹೋದ.
ನಾನು ಬಾಯಿ ತೆರೆದೆ.
ಯೋಚಿಸುತ್ತಿದ್ದ ಆ ಕಿವಿ
ಮೊದಲ ಸಲ ಎದ್ದು ನಿಂತಿತು,
ಕೇಳಿಸಿಕೊಳ್ಳಲು.